ಸವೆಯುವ ಸ್ನಾಯುಗಳು: ಸ್ಕ್ಯಾನಿಂಗ್‌ನಿಂದ ತಿಳಿಯುವುದೇನು?

ನಮ್ಮ ತೋಟದ ಕೆಲಸ ಇಂದಿಗೂ ಬಹುಮಟ್ಟಿಗೆ ರಟ್ಟೆಯ ಬಲವನ್ನೇ ನಂಬಿಕೊಂಡಿದೆ. ಅಡಿಕೆಗೆ ಮದ್ದು ಹೊಡೆಯುವುದಿರಲಿ, ಕೊನೆ ಇಳಿಸುವುದಿರಲಿ, ಕಾಫಿ ಗಿಡಕ್ಕೆ ಕಸಿ ಮಾಡುವುದಿರಲಿ, ಮರಗಸಿಗೆ ಏಣಿ ಹತ್ತುವುದಿರಲಿ, ಎಲ್ಲಕ್ಕೂ ಹೆಗಲು, ಸೊಂಟ, ತೊಡೆಗಳು ಗಟ್ಟಿಯಾಗಿರಬೇಕು. ಎರಡು ಮೂರು ಎಕರೆಯ ಸಣ್ಣ ಬೆಳೆಗಾರನಿಗೆ, ಆಳುಗಳು ಸಿಗದ ದಿನಗಳಲ್ಲಿ, ಸ್ವಂತ ಮೈಯೇ ಬಂಡವಾಳ. ಬಲಗೈ ಭುಜದಿಂದ ಮೇಲಕ್ಕೆ ಏಳದಂತಾದರೆ ಆ ವರ್ಷದ ಲೆಕ್ಕವೇ ಏರುಪೇರಾಗುತ್ತದೆ.

ಇಂಥ ತೊಂದರೆಗೆ ಆಸ್ಪತ್ರೆಗೆ ಹೋದವರು ಈಗ ಸ್ಕ್ಯಾನಿಂಗ್ ಚೀಟಿಯೊಂದಿಗೆ ಹಿಂದಿರುಗುವುದು ಸಾಮಾನ್ಯವಾಗಿದೆ. ಪಟ್ಟಣಕ್ಕೆ ಹೋಗಿ, ಹಣ ತೆತ್ತು ಮಾಡಿಸಿದ ಮೇಲೆ ಬರುವ ವರದಿಯಲ್ಲಿ "ಸ್ನಾಯುವಿನಲ್ಲಿ ಕೊಬ್ಬು ಸೇರಿದೆ", "ಸ್ನಾಯು ಕ್ಷೀಣಿಸಿದೆ" ಎಂಬರ್ಥದ ಇಂಗ್ಲಿಷ್ ಮಾತುಗಳಿರುತ್ತವೆ. ಇದರ ತಾತ್ಪರ್ಯವೇನು, ಯಾವ ಪರೀಕ್ಷೆ ಏನನ್ನು ತೋರಿಸುತ್ತದೆ, ಯಾವುದು ಅಗತ್ಯ, ಯಾವುದು ಅನಗತ್ಯ ಎಂಬುದನ್ನು ಸದಸ್ಯ ಬಾಂಧವರಿಗೆ ಅರ್ಥವಾಗುವಂತೆ ಈ ಲೇಖನದಲ್ಲಿ ವಿವರಿಸಲು ಯತ್ನಿಸಿದ್ದೇವೆ.

ತೋರ ಬೇರೆ, ತಾಕತ್ತು ಬೇರೆ

ಸ್ನಾಯು ಅಥವಾ ಮಾಂಸಖಂಡವೆಂದರೆ ಕೂದಲಿನಂತೆ ಸಪೂರವಾದ ಸಾವಿರಾರು ಎಳೆಗಳ ಕಟ್ಟು. ಕೆಲಸವಿಲ್ಲದೆ ಇದ್ದರೆ ಈ ಎಳೆಗಳು ಸಣ್ಣಗಾಗುತ್ತವೆ. ಇದು ಮೊದಲನೆಯ ಹಂತ. ಮತ್ತೆ ಕೆಲಸ ಕೊಟ್ಟರೆ ಅವು ಮತ್ತೆ ದಪ್ಪವಾಗುತ್ತವೆ. ಆದರೆ ಕಾಯಿಲೆಯಿಂದಲೋ, ನರದ ಸಂಪರ್ಕ ಕಡಿದೋ, ಸ್ನಾಯುವನ್ನು ಎಲುಬಿಗೆ ಬಿಗಿದಿರುವ ರಜ್ಜು ಹರಿದೋ ಬಹುಕಾಲ ಕಳೆದರೆ ಎಳೆಗಳು ಸೊರಗಿ ನಾಶವಾಗುತ್ತಾ, ಅವುಗಳ ಜಾಗವನ್ನು ಕೊಬ್ಬು ಮತ್ತು ನಾರು ತುಂಬಿಕೊಳ್ಳುತ್ತವೆ. ಇದು ಎರಡನೆಯ ಹಂತ. ಇಲ್ಲಿಂದ ಹಿಂದಿರುಗುವುದು ಬಹಳ ಕಷ್ಟ. ರೋಗಿಯು ಈ ಎರಡು ಹಂತಗಳ ನಡುವೆ ಎಲ್ಲಿದ್ದಾನೆಂದು ಅರಿಯುವುದೇ ಸ್ನಾಯುವಿನ ಸ್ಕ್ಯಾನಿಂಗ್‌ನ ಮುಖ್ಯ ಉದ್ದೇಶ.

ಹೊರನೋಟಕ್ಕೆ ಇದು ಯಾವಾಗಲೂ ತಿಳಿಯುವುದಿಲ್ಲ. ಬಿಳಿ ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡ ಮೊದಮೊದಲು ಹಸಿರಾಗಿಯೇ ಇರುವುದನ್ನು ನಾವೆಲ್ಲ ಕಂಡಿದ್ದೇವೆ. ಕಾಂಡದ ಮೇಲಿನ ಉಬ್ಬುಗೆರೆ ಗುರುತಿಸಬಲ್ಲವನಿಗೆ ಮಾತ್ರ ಒಳಗಿನ ಸುರಂಗದ ಸುಳಿವು ಸಿಗುತ್ತದೆ. ಸ್ನಾಯುವಿನಲ್ಲಿಯೂ ಹಾಗೆಯೇ. ಫ್ರಾನ್ಸಿನ ವೈದ್ಯ ಡುಷೆನ್ 1860ರ ದಶಕದಲ್ಲಿ ವಿವರಿಸಿದ ಒಂದು ವಂಶಪಾರಂಪರ್ಯ ಕಾಯಿಲೆ ಗಂಡುಮಕ್ಕಳಿಗೆ ಬರುತ್ತದೆ. ಮಗುವಿನ ಮೀನಖಂಡಗಳು ಪೈಲ್ವಾನನ ಕಾಲಿನಂತೆ ತುಂಬಿಕೊಂಡಿರುತ್ತವೆ. ಆದರೆ ನೆಲದಿಂದ ಏಳುವಾಗ ತನ್ನ ಮೊಣಕಾಲು, ತೊಡೆಗಳ ಮೇಲೆ ಕೈಯೂರಿ, ತನ್ನನ್ನೇ ತಾನು ಹತ್ತಿದಂತೆ ಏಳುತ್ತದೆ. ಆ ತೋರದಲ್ಲಿ ಬಹುಪಾಲು ಕೊಬ್ಬು ಮತ್ತು ನಾರು.

ಧ್ವನಿಯಿಂದ ನೋಡುವ ವಿಧಾನ

ಜರ್ಮನಿಯ ರಾಂಟ್‌ಜನ್ 1895ರಲ್ಲಿ ಕ್ಷ-ಕಿರಣಗಳನ್ನು ಕಂಡುಹಿಡಿದಂದಿನಿಂದ ಎಲುಬನ್ನು ನೋಡುವುದು ಸುಲಭವಾಯಿತು. ಆದರೆ ಸಾಮಾನ್ಯ ಕ್ಷ-ಕಿರಣ ಚಿತ್ರದಲ್ಲಿ ಸ್ನಾಯು ಬರೇ ಮಂಕು ನೆರಳು. "ಎಕ್ಸ್-ರೇ ಸರಿಯಾಗಿದೆ, ಆದರೂ ಕೈ ಏಳುವುದಿಲ್ಲ" ಎಂದು ಹಲವರು ಗೊಂದಲಕ್ಕೊಳಗಾಗುವುದು ಇದರಿಂದಲೇ. ಎಲುಬು ಮುರಿದಿಲ್ಲವೆಂದಷ್ಟೇ ಆ ಚಿತ್ರ ಹೇಳುತ್ತದೆ. ಸ್ನಾಯುವಿನ ಬಗ್ಗೆ ಅದು ಸಾಕ್ಷಿ ನುಡಿಯಲಾರದು.

ಬಸುರಿಯರಿಗೆ ಮಾಡುವ ಅಲ್ಟ್ರಾಸೌಂಡ್ ಪರೀಕ್ಷೆ ಎಲ್ಲರಿಗೂ ಗೊತ್ತು. ಕಿವಿಗೆ ಕೇಳದ ಧ್ವನಿಯನ್ನು ಮೈಯೊಳಕ್ಕೆ ಕಳುಹಿಸಿ, ಹಿಂದಿರುಗುವ ಪ್ರತಿಧ್ವನಿಯಿಂದ ಚಿತ್ರ ಮೂಡಿಸುವ ವಿಧಾನ ಅದು. ಇದರಿಂದಲೇ ಸ್ನಾಯುರೋಗವನ್ನೂ ಗುರುತಿಸಬಹುದೆಂದು ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಹೆಕ್‌ಮಟ್, ಡುಬೊವಿಟ್ಜ್ ಮತ್ತು ಸಂಗಡಿಗರು 1980ರಲ್ಲಿ ತೋರಿಸಿಕೊಟ್ಟರು. ಆರೋಗ್ಯವಂತ ಸ್ನಾಯು ಈ ಚಿತ್ರದಲ್ಲಿ ಕಪ್ಪಾಗಿ, ನಡುನಡುವೆ ತೆಳುವಾದ ಬಿಳಿ ಗೆರೆಗಳೊಂದಿಗೆ ಕಾಣುತ್ತದೆ; ಅದರ ಕೆಳಗೆ ಎಲುಬಿನ ಅಂಚು ಸ್ಪಷ್ಟವಾಗಿ ಹೊಳೆಯುತ್ತದೆ. ಕೊಬ್ಬು, ನಾರು ಸೇರುತ್ತಾ ಹೋದಂತೆ ಸ್ನಾಯುವೇ ಬೆಳ್ಳಗಾಗಿ, ಧ್ವನಿ ಮೇಲೆಯೇ ಚದುರಿ, ಕೆಳಗಿನ ಎಲುಬು ಮಸುಕಾಗುತ್ತದೆ. ಇದನ್ನು ಹೆಕ್‌ಮಟ್ ನಾಲ್ಕು ದರ್ಜೆಗಳಾಗಿ ವಿಂಗಡಿಸಿದರು. ಮೊದಲನೆಯದು ಸಹಜ ಸ್ಥಿತಿ. ನಾಲ್ಕನೆಯದರಲ್ಲಿ ಎಲುಬು ಕಾಣುವುದೇ ಇಲ್ಲ. ಈ ದರ್ಜೆಗಳು ಇಂದಿಗೂ ಬಳಕೆಯಲ್ಲಿವೆ.

ಈ ಪರೀಕ್ಷೆಯಲ್ಲಿ ಕಿರಣಗಳ ಅಪಾಯವಿಲ್ಲ, ಮಕ್ಕಳಿಗೆ ಮತ್ತು ಬರಿಸಬೇಕಾಗಿಲ್ಲ, ಖರ್ಚೂ ಉಳಿದವುಗಳಿಗಿಂತ ಕಡಿಮೆ. ಕೈಕಾಲು ಆಡಿಸುತ್ತಿರುವಾಗಲೇ ಒಳಗಿನದನ್ನು ನೋಡಬಹುದೆಂಬುದು ಇನ್ನೊಂದು ಅನುಕೂಲ. ಆದರೆ ಫಲಿತಾಂಶವು ಉಪಕರಣ ಹಿಡಿದವರ ಅನುಭವವನ್ನು ಬಹಳವಾಗಿ ಅವಲಂಬಿಸಿದೆ. ತೀರ ಆಳದ ಸ್ನಾಯುಗಳನ್ನು ಇದರಲ್ಲಿ ನೋಡುವುದು ಕಷ್ಟ.

ಜೊಳ್ಳು-ಗಟ್ಟಿ ವಿಂಗಡಿಸುವ ಸಿ.ಟಿ.

ಮೈಯನ್ನು ಬಾಳೆದಿಂಡಿನಂತೆ ಅಡ್ಡಡ್ಡ ಬಿಲ್ಲೆಗಳಾಗಿ ಕೊಯ್ದು ನೋಡಿದಂತೆ ಚಿತ್ರ ಕೊಡುವುದು ಸಿ.ಟಿ. ಸ್ಕ್ಯಾನ್. ಇಂಗ್ಲೆಂಡಿನ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ರೂಪಿಸಿದ ಈ ಯಂತ್ರದಿಂದ 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ತಲೆಯ ಚಿತ್ರ ತೆಗೆಯಲಾಯಿತು. 1979ರಲ್ಲಿ ಅವರಿಗೂ ಅಲನ್ ಕಾರ್ಮ್ಯಾಕ್ ಅವರಿಗೂ ನೊಬೆಲ್ ಪ್ರಶಸ್ತಿ ಸಂದಿತು.

ಕ್ಷ-ಕಿರಣವನ್ನು ಯಾವ ವಸ್ತು ಎಷ್ಟು ತಡೆಯುತ್ತದೆ ಎಂಬುದಕ್ಕೆ ಸಿ.ಟಿ.ಯಲ್ಲಿ ಅಂಕಗಳಿವೆ. ನೀರಿಗೆ ಸೊನ್ನೆ, ಗಾಳಿಗೆ ಸೊನ್ನೆಯಿಂದ ಕೆಳಗೆ 1000. ಕೊಬ್ಬು ಸೊನ್ನೆಯಿಂದ ಕೆಳಗೆ ಸುಮಾರು 100ರ ಆಸುಪಾಸು. ಗಟ್ಟಿ ಸ್ನಾಯು ಸೊನ್ನೆಯಿಂದ ಮೇಲೆ 30ಕ್ಕಿಂತ ಹೆಚ್ಚು. ಕಾಫಿ ಹಣ್ಣನ್ನು ನೀರಿಗೆ ಸುರಿದಾಗ ಜೊಳ್ಳು ತೇಲಿ ಗಟ್ಟಿ ಮುಳುಗುವುದನ್ನು ನೆನೆಸಿಕೊಂಡರೆ ಈ ಲೆಕ್ಕ ತಕ್ಷಣ ಮನದಟ್ಟಾಗುತ್ತದೆ. ಸ್ನಾಯುವಿನ ಅಂಕ ಸೊನ್ನೆಯ ಕಡೆಗೆ ಜಾರುತ್ತಾ ಬಂದಷ್ಟೂ ಅದರೊಳಗೆ ಕೊಬ್ಬು ಬೆರೆಯುತ್ತಿದೆ ಎಂದರ್ಥ.

ಸಿ.ಟಿ.ಯಲ್ಲಿ ಕಿರಣಗಳ ಪ್ರಮಾಣ ಹೆಚ್ಚಾದ್ದರಿಂದ ಬರೇ ಸ್ನಾಯು ನೋಡುವುದಕ್ಕೆಂದು ಇದನ್ನು ಪದೇ ಪದೇ ಮಾಡಿಸುವುದು ಯುಕ್ತವಲ್ಲ. ಆದರೆ ಬೇರೆ ಕಾರಣಕ್ಕಾಗಿ ಹೊಟ್ಟೆಯ ಸಿ.ಟಿ. ಆಗಿದ್ದರೆ, ಅದೇ ಚಿತ್ರದಲ್ಲಿ ಸೊಂಟದ ಮೂರನೆಯ ಮೂಳೆಯ ಮಟ್ಟದಲ್ಲಿ ಸ್ನಾಯುವಿನ ವಿಸ್ತೀರ್ಣ ಅಳೆಯಬಹುದು. ಕ್ಯಾನ್ಸರ್ ರೋಗಿಗಳಲ್ಲಿ ತೂಕ ಇಳಿಯದಿದ್ದರೂ ಒಳಗೆ ಸ್ನಾಯು ಕರಗಿದೆಯೇ ಎಂದು ವೈದ್ಯರು ಹೀಗೆ ತಿಳಿಯುತ್ತಾರೆ.

ನೀರು ಮತ್ತು ಕೊಬ್ಬನ್ನು ಬೇರ್ಪಡಿಸುವ ಎಂ.ಆರ್.ಐ.

ಸ್ನಾಯುವಿನ ವಿಷಯದಲ್ಲಿ ಅತ್ಯಂತ ವಿವರವಾದ ಚಿತ್ರ ಕೊಡುವುದು ಎಂ.ಆರ್.ಐ. ಇದರಲ್ಲಿ ಕ್ಷ-ಕಿರಣವಿಲ್ಲ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿರುವ 1.5 ಟೆಸ್ಲಾ ಯಂತ್ರದ ಕಾಂತಶಕ್ತಿ ಭೂಮಿಯ ಕಾಂತಶಕ್ತಿಗಿಂತ ಸುಮಾರು 30,000 ಪಟ್ಟು. ಮೈಯಲ್ಲಿರುವ ನೀರು ಮತ್ತು ಕೊಬ್ಬಿನ ಜಲಜನಕದ ಕಣಗಳು ಈ ಕಾಂತದೊಳಗೆ ರೇಡಿಯೋ ಅಲೆಗಳಿಗೆ ಉತ್ತರಿಸುವುದನ್ನು ಹಿಡಿದು ಚಿತ್ರ ಮೂಡಿಸುತ್ತಾರೆ. ಈ ವಿಧಾನವನ್ನು ರೂಪಿಸಿದ ಪಾಲ್ ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ದೊರೆಯಿತು.

ಸ್ನಾಯುರೋಗದಲ್ಲಿ ಮುಖ್ಯವಾಗಿ ಎರಡು ಬಗೆಯ ಚಿತ್ರಗಳನ್ನು ತೆಗೆಯುತ್ತಾರೆ. ಒಂದರಲ್ಲಿ ಕೊಬ್ಬು ಬೆಳ್ಳಗೆ ಕಾಣುತ್ತದೆ. ಆಗಿಹೋದ ಹಾನಿ ಎಷ್ಟೆಂದು ಅದು ಹೇಳುತ್ತದೆ. ಇನ್ನೊಂದರಲ್ಲಿ ಕೊಬ್ಬಿನ ಬಿಳುಪನ್ನು ಅಳಿಸಿ ನೀರನ್ನು ಮಾತ್ರ ಎತ್ತಿ ತೋರಿಸುತ್ತಾರೆ. ಉರಿಯೂತದಿಂದ ಊದಿಕೊಂಡ, ಅಂದರೆ ಈಗ ಹಾನಿ ನಡೆಯುತ್ತಿರುವ ಭಾಗ ಅಲ್ಲಿ ಹೊಳೆಯುತ್ತದೆ. ಈ ವ್ಯತ್ಯಾಸ ರೋಗಿಯ ಪಾಲಿಗೆ ಬಹಳ ದೊಡ್ಡದು. ಉರಿಯೂತವಿದ್ದಲ್ಲಿ ಅನೇಕ ಸಲ ಔಷಧದಿಂದ ಸ್ನಾಯುವನ್ನು ಉಳಿಸಿಕೊಳ್ಳಬಹುದು. ಪೂರ್ಣ ಕೊಬ್ಬಾದ ಭಾಗಕ್ಕೆ ಔಷಧವಿತ್ತು ಪ್ರಯೋಜನವಿಲ್ಲ. ಪರೀಕ್ಷೆಗಾಗಿ ಸ್ನಾಯುವಿನ ಚೂರು ತೆಗೆಯಬೇಕಾದಾಗ ಎಲ್ಲಿಂದ ತೆಗೆಯಬೇಕೆಂಬುದಕ್ಕೂ ಈ ಚಿತ್ರವೇ ದಾರಿ ತೋರಿಸುತ್ತದೆ. ಅಮೆರಿಕದ ಡಿಕ್ಸನ್ 1984ರಲ್ಲಿ ಪ್ರಕಟಿಸಿದ ಕ್ರಮವನ್ನು ಅನುಸರಿಸಿ ನೀರು, ಕೊಬ್ಬುಗಳನ್ನು ಬೇರೆ ಬೇರೆ ಮಾಡಿ, ಒಂದು ಸ್ನಾಯುವಿನಲ್ಲಿ ಶೇಕಡಾ ಎಷ್ಟು ಕೊಬ್ಬಿದೆಯೆಂದು ಈಗ ಲೆಕ್ಕ ಹಾಕುತ್ತಾರೆ. ಹೊಸ ಔಷಧಗಳ ಪ್ರಯೋಗದಲ್ಲಿ ಈ ಲೆಕ್ಕಕ್ಕೆ ಹೆಚ್ಚಿನ ಬೆಲೆಯಿದೆ.

ಯಾವ ಸ್ನಾಯು ಕೆಟ್ಟಿದೆ, ಯಾವುದು ಉಳಿದಿದೆ ಎಂಬ ವಿನ್ಯಾಸವೂ ರೋಗದ ಹೆಸರನ್ನು ಸೂಚಿಸುತ್ತದೆ. ಡುಷೆನ್ ಕಾಯಿಲೆಯಲ್ಲಿ ತೊಡೆಯ ಉಳಿದ ಸ್ನಾಯುಗಳು ಹಾಳಾದ ಮೇಲೂ ಗ್ರಾಸಿಲಿಸ್ ಮತ್ತು ಸಾರ್ಟೋರಿಯಸ್ ಎಂಬ ಎರಡು ಸಪೂರ ಸ್ನಾಯುಗಳು ಬಹುಕಾಲ ಉಳಿದುಕೊಳ್ಳುತ್ತವೆ. ಈ ಸುಳಿವಿನ ಮೇಲೆ ಯಾವ ವಂಶವಾಹಿ ಪರೀಕ್ಷೆ ಮಾಡಿಸಬೇಕೆಂದು ನಿರ್ಧರಿಸಲು ಅನುಕೂಲವಾಗುತ್ತದೆ. ಆದರೂ ಡುಷೆನ್ ಸಂಶಯವಿರುವ ಮಗುವಿಗೆ ಮೊದಲು ಬೇಕಾದುದು ಸಿ.ಕೆ. ಎಂಬ ಸರಳ ರಕ್ತಪರೀಕ್ಷೆ, ಆನಂತರ ವಂಶವಾಹಿ ಪರೀಕ್ಷೆ.

ಹೆಗಲಿನ ಉದಾಹರಣೆ

ತೋಟದಲ್ಲಿ ದುಡಿಯುವವರಿಗೆ ಹತ್ತಿರದ ಉದಾಹರಣೆಯೆಂದರೆ ಹೆಗಲು. ಭುಜದ ಕೀಲನ್ನು ನಾಲ್ಕು ಸಣ್ಣ ಸ್ನಾಯುಗಳು ಸುತ್ತುವರಿದು ಹಿಡಿದಿವೆ. ಮರದಿಂದಲೋ ಏಣಿಯಿಂದಲೋ ಬಿದ್ದಾಗ, ಅಥವಾ ವರ್ಷಗಟ್ಟಲೆ ಕೈ ಮೇಲೆತ್ತಿ ದುಡಿದು ಸವೆದಾಗ, ಇವುಗಳ ರಜ್ಜು ಹರಿಯಬಹುದು. ಹಗ್ಗ ತುಂಡಾದ ಮೇಲೆ ಸ್ನಾಯು ಎಳೆಯುವುದಕ್ಕೆ ಏನೂ ಇಲ್ಲದೆ ಹಿಂದಕ್ಕೆ ಸರಿದು, ಸೊರಗಿ, ಕ್ರಮೇಣ ಕೊಬ್ಬಾಗುತ್ತದೆ.

ಫ್ರಾನ್ಸಿನ ಶಸ್ತ್ರವೈದ್ಯ ಗೂತಾಲಿಯೇ ಮತ್ತು ಸಂಗಡಿಗರು 1994ರಲ್ಲಿ ಸಿ.ಟಿ. ಚಿತ್ರಗಳನ್ನು ಆಧರಿಸಿ ಈ ಬದಲಾವಣೆಗೆ ಸೊನ್ನೆಯಿಂದ ನಾಲ್ಕರವರೆಗೆ ದರ್ಜೆ ನೀಡಿದರು. ಸೊನ್ನೆಯೆಂದರೆ ಕೊಬ್ಬಿಲ್ಲ, ಒಂದೆಂದರೆ ಅಲ್ಲಲ್ಲಿ ಕೊಬ್ಬಿನ ಗೆರೆಗಳು, ಎರಡರಲ್ಲಿ ಕೊಬ್ಬಿಗಿಂತ ಸ್ನಾಯು ಹೆಚ್ಚು, ಮೂರರಲ್ಲಿ ಎರಡೂ ಸಮಸಮ, ನಾಲ್ಕರಲ್ಲಿ ಸ್ನಾಯುವಿಗಿಂತ ಕೊಬ್ಬೇ ಹೆಚ್ಚು. ಈಗ ಇದನ್ನು ಎಂ.ಆರ್.ಐ.ನಲ್ಲಿಯೂ ಬಳಸುತ್ತಾರೆ. ಹರಿದ ರಜ್ಜನ್ನು ಹೊಲಿದರೆ ಫಲ ಸಿಗುವುದೇ ಎಂಬ ನಿರ್ಧಾರದಲ್ಲಿ ಈ ದರ್ಜೆಗೆ ಮಹತ್ವವಿದೆ. ದರ್ಜೆ ಕಡಿಮೆಯಿದ್ದರೆ ಹೊಲಿಗೆ ನಿಲ್ಲುವ, ಬಲ ಮರಳುವ ಸಾಧ್ಯತೆ ಹೆಚ್ಚು. ಮೂರು, ನಾಲ್ಕಕ್ಕೆ ಹೋದ ಮೇಲೆ ರಜ್ಜನ್ನು ಕೂಡಿಸಿದರೂ ಸೇರಿದ ಕೊಬ್ಬು ಸಾಮಾನ್ಯವಾಗಿ ಕರಗಿ ಸ್ನಾಯುವಾಗುವುದಿಲ್ಲ.

ಹಾಗೆಂದು ಹೆಗಲು ನೋಯುವವರೆಲ್ಲ ಸ್ಕ್ಯಾನಿಂಗ್‌ಗೆ ಧಾವಿಸಬೇಕಾಗಿಲ್ಲ. ವಯಸ್ಸಾದಂತೆ ರಜ್ಜು ಸವೆದು ಹರಿಯುವುದು ಸಾಮಾನ್ಯ. ಎಷ್ಟೋ ಮಂದಿಗೆ ಅದರ ನೋವೇ ಇರುವುದಿಲ್ಲ. ಹಲವರಿಗೆ ಕ್ರಮಬದ್ಧ ವ್ಯಾಯಾಮದಿಂದಲೇ ಗುಣವಾಗುತ್ತದೆ. ಆದರೆ ಬಿದ್ದ ದಿನದಿಂದ ಕೈ ತಾನಾಗಿ ಮೇಲೇಳದಿದ್ದರೆ, ಇನ್ನೊಬ್ಬರು ಎತ್ತಿಕೊಟ್ಟರೆ ಮಾತ್ರ ಏಳುವಂತಿದ್ದರೆ, ಅದನ್ನು ಉಳುಕೆಂದು ಭಾವಿಸಿ ಎಣ್ಣೆ ತಿಕ್ಕುತ್ತಾ ತಿಂಗಳು ಕಳೆಯಬಾರದು. ಅನುಭವಿಗಳು ಮಾಡಿದ ಅಲ್ಟ್ರಾಸೌಂಡ್ ಪೂರ್ಣ ಹರಿದ ರಜ್ಜನ್ನು ಎಂ.ಆರ್.ಐ.ಗೆ ಸರಿಸಮಾನವಾಗಿ ಗುರುತಿಸುತ್ತದೆ. ಆದುದರಿಂದ ಮೊದಲು ಕಡಿಮೆ ಖರ್ಚಿನ ಪರೀಕ್ಷೆ ಸಾಕಾಗುವುದೇ ಎಂದು ವೈದ್ಯರನ್ನು ಕೇಳುವುದರಲ್ಲಿ ತಪ್ಪಿಲ್ಲ.

ಬೆನ್ನಿನ ಎಂ.ಆರ್.ಐ. ವರದಿಯ ಬಗ್ಗೆಯೂ ಒಂದು ಮಾತು. ಬೆನ್ನುಮೂಳೆಯ ಪಕ್ಕದ ಸ್ನಾಯುವಿನಲ್ಲಿ ಕೊಬ್ಬು, ಬಿಲ್ಲೆಗಳ ಸವೆತ ಇವು ವಯಸ್ಸಿನೊಂದಿಗೆ ನೋವಿಲ್ಲದವರಲ್ಲಿಯೂ ಕಾಣುವಂಥವು. ವರದಿಯ ಒಂದು ಸಾಲನ್ನು ನೋಡಿ ಹೆದರಿ ಹಾಸಿಗೆ ಹಿಡಿದರೆ ಸ್ನಾಯು ಇನ್ನಷ್ಟು ಸೊರಗುತ್ತದೆ.

ತರುಣರ ಒಂದು ಕೈ ಮಾತ್ರ ಸಣ್ಣಗಾದರೆ

ಸ್ನಾಯು ಕರಗಿದರೂ ತಪ್ಪು ಸ್ನಾಯುವಿನದೇ ಆಗಿರಬೇಕಾಗಿಲ್ಲ. ಹದಿನೈದರಿಂದ ಇಪ್ಪತ್ತೈದರ ಪ್ರಾಯದ ಹುಡುಗರಲ್ಲಿ, ನೋವಿಲ್ಲದೆ, ಒಂದು ಅಂಗೈ ಮತ್ತು ಮುಂಗೈ ಮಾತ್ರ ನಿಧಾನವಾಗಿ ಬಡವಾಗುವ ಕಾಯಿಲೆಯೊಂದಿದೆ. ಚಳಿಯಲ್ಲಿ ಬೆರಳುಗಳು ಇನ್ನಷ್ಟು ಮರಗಟ್ಟುತ್ತವೆ. ಜಪಾನಿನ ಹಿರಾಯಾಮಾ 1959ರಲ್ಲಿ ಇದನ್ನು ವಿವರಿಸಿದರು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಎಂ. ಗೌರಿದೇವಿ ಮತ್ತು ಸಹೋದ್ಯೋಗಿಗಳು ಒಂದೇ ಕೈ ಅಥವಾ ಒಂದೇ ಕಾಲು ಕರಗುವ ಇಂಥ ರೋಗಿಗಳನ್ನು ಅಧ್ಯಯನ ಮಾಡಿ, 1984ರಲ್ಲಿ 'ಮಾನೋಮೆಲಿಕ್ ಅಮಯೋಟ್ರೋಫಿ' ಎಂಬ ಹೆಸರಿನಲ್ಲಿ ಪ್ರಕಟಿಸಿದರು.

ಕೈ ಕರಗುವ ಈ ಕಾಯಿಲೆಯಲ್ಲಿ ಅನೇಕರಿಗೆ, ಕುತ್ತಿಗೆ ಮುಂದಕ್ಕೆ ಬಗ್ಗಿಸಿದಾಗ ಬೆನ್ನುಹುರಿಯ ಹೊದಿಕೆ ಮುಂದೆ ಸರಿದು ಹುರಿಯನ್ನು ಅದುಮುತ್ತದೆ. ಆದುದರಿಂದ ನೇರ ಮಲಗಿಸಿ ತೆಗೆದ ಎಂ.ಆರ್.ಐ.ನಲ್ಲಿ ದೋಷ ತಪ್ಪಿಹೋಗಬಹುದು. ಕುತ್ತಿಗೆ ಬಗ್ಗಿಸಿಯೂ ಚಿತ್ರ ತೆಗೆಯಬೇಕು. ಬೇಗನೆ ತಿಳಿದರೆ ಕುತ್ತಿಗೆ ಬಗ್ಗದಂತೆ ಪಟ್ಟಿ ಹಾಕಿಸಿ ಮುಂದಿನ ಹಾನಿಯನ್ನು ತಡೆಯಲು ಯತ್ನಿಸುತ್ತಾರೆ. ಕೆಲವು ವರ್ಷಗಳ ನಂತರ ಈ ಕಾಯಿಲೆ ತಾನಾಗಿ ನಿಲ್ಲುವುದೇ ಹೆಚ್ಚಾದರೂ ಕಳೆದುಕೊಂಡ ಸ್ನಾಯು ಮರಳುವುದಿಲ್ಲ.

ವಯಸ್ಸಾದವರ ಸ್ನಾಯು

ವಯಸ್ಸಿನೊಂದಿಗೆ ಸ್ನಾಯು ಕುಗ್ಗುವುದಕ್ಕೆ ಅಮೆರಿಕದ ಇರ್ವಿನ್ ರೋಸನ್‌ಬರ್ಗ್ 1989ರಲ್ಲಿ 'ಸಾರ್ಕೊಪೀನಿಯಾ' ಎಂದು ಹೆಸರಿಟ್ಟರು. ಇದನ್ನು ಅಳೆಯಲು ಡೆಕ್ಸಾ ಎಂಬ, ಅತ್ಯಲ್ಪ ಕಿರಣದ ಪರೀಕ್ಷೆಯಿದೆ. ಕೈಕಾಲುಗಳ ಕೊಬ್ಬುರಹಿತ ಮೃದುಭಾಗದ ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದಾಗ ಗಂಡಸರಲ್ಲಿ 7.0, ಹೆಂಗಸರಲ್ಲಿ 5.4 ಕಿಲೋಗ್ರಾಂಗಿಂತ ಕಡಿಮೆ ಬಂದರೆ ಸ್ನಾಯು ಕಡಿಮೆಯಾಗಿದೆ ಎಂದು ಏಷ್ಯಾದ ತಜ್ಞರ ಕಾರ್ಯತಂಡವು 2019ರಲ್ಲಿ ನಿಗದಿ ಮಾಡಿತು.

ಆದರೆ ಅದೇ ತಜ್ಞರು ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಗಳನ್ನೂ ಹೇಳಿದ್ದಾರೆ. ಮೀನಖಂಡದ ಅತಿ ದಪ್ಪ ಭಾಗಕ್ಕೆ ಟೇಪು ಸುತ್ತಿ ನೋಡಿ. ಗಂಡಸರಲ್ಲಿ 34, ಹೆಂಗಸರಲ್ಲಿ 33 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಗಮನ ಕೊಡಬೇಕು. ಎರಡೂ ಕೈಗಳನ್ನು ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರುವುದಕ್ಕೆ 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಕಾಲಿನ ಬಲ ತಗ್ಗಿದೆಯೆಂದು ತಿಳಿಯಬೇಕು. ಇದಕ್ಕೆ ಒಂದು ಪೈಸೆಯ ಖರ್ಚಿಲ್ಲ.

ತಗ್ಗಿದ ಬಲವನ್ನು ಮರಳಿ ಪಡೆಯಬಹುದೇ? ಬಾಸ್ಟನ್ ನಗರದಲ್ಲಿ ಮಾರಿಯಾ ಫಿಯಾಟರೋನ್ ಮತ್ತು ಸಂಗಡಿಗರು ಸುಮಾರು 90 ವರ್ಷದ 10 ಮಂದಿ ದುರ್ಬಲ ವೃದ್ಧರಿಗೆ 8 ವಾರ ಕಾಲ ಭಾರದ ವಿರುದ್ಧ ಕಾಲು ಚಾಚುವ ವ್ಯಾಯಾಮ ಕೊಟ್ಟು, 1990ರಲ್ಲಿ ಫಲಿತಾಂಶ ಪ್ರಕಟಿಸಿದರು. ಪೂರೈಸಿದ 9 ಮಂದಿಯ ಕಾಲಿನ ಬಲ ಸರಾಸರಿ ಶೇ. 174ರಷ್ಟು ಏರಿತ್ತು, ತೊಡೆಯ ಸ್ನಾಯುವೂ ಶೇ. 9ರಷ್ಟು ಬೆಳೆದುದು ಸ್ಕ್ಯಾನಿಂಗ್‌ನಲ್ಲಿ ಕಂಡುಬಂತು. ತೊಂಬತ್ತರಲ್ಲಿ ಸಾಧ್ಯವಾದುದು ಅರವತ್ತೈದರಲ್ಲಿ ಅಸಾಧ್ಯವಲ್ಲ. ಜೊತೆಗೆ ಊಟದಲ್ಲಿ ಬೇಳೆಕಾಳು, ಹಾಲು, ಮೊಟ್ಟೆ, ಮೀನುಗಳಂಥ ಸಸಾರಜನಕ ಸಾಕಷ್ಟಿರಬೇಕು.

ಸದಸ್ಯರು ಗಮನಿಸಬೇಕಾದ ಅಂಶಗಳು

1. ಸ್ಕ್ಯಾನಿಂಗ್ ಬರೆದುಕೊಟ್ಟಾಗ "ಇದರಿಂದ ಚಿಕಿತ್ಸೆಯಲ್ಲಿ ಯಾವ ತೀರ್ಮಾನವಾಗಬೇಕಾಗಿದೆ?" ಎಂದು ವೈದ್ಯರಲ್ಲಿ ವಿನಯದಿಂದ ಕೇಳಿರಿ. ಫಲಿತಾಂಶ ಹೇಗೇ ಬಂದರೂ ಚಿಕಿತ್ಸೆ ಅದೇ ಆಗಿದ್ದರೆ ಸದ್ಯಕ್ಕೆ ಕಾಯಬಹುದು.

2. ಎದೆಯಲ್ಲಿ ಪೇಸ್‌ಮೇಕರ್, ಮೈಯಲ್ಲಿ ಲೋಹದ ಸಲಾಕೆ, ವೆಲ್ಡಿಂಗ್ ಅಥವಾ ಉಜ್ಜುವ ಕೆಲಸದಲ್ಲಿ ಕಣ್ಣಿಗೆ ಹೊಕ್ಕ ಲೋಹದ ಚೂರು ಇದ್ದರೆ ಎಂ.ಆರ್.ಐ.ಗೆ ಮುನ್ನ ತಪ್ಪದೆ ತಿಳಿಸಬೇಕು. ಒಡವೆ, ಕರಿಮಣಿ, ಉಡಿದಾರದ ತಾಯಿತಗಳನ್ನು ತೆಗೆದಿಡಬೇಕು.

3. ಹಳೆಯ ಚಿತ್ರಗಳನ್ನೂ ವರದಿಗಳನ್ನೂ ಜೋಪಾನವಾಗಿಡಿ. ಸ್ನಾಯು ಸವೆಯುತ್ತಿದೆಯೇ, ನಿಂತಿದೆಯೇ ಎಂಬುದು ಹಳೆಯದರೊಂದಿಗೆ ಹೋಲಿಸಿದಾಗಲೇ ಸರಿಯಾಗಿ ತಿಳಿಯುವುದು.

4. ಒಂದೆರಡು ದಿನಗಳಲ್ಲಿಯೇ ಎರಡೂ ಕಾಲುಗಳ ಬಲ ಇಳಿಯುತ್ತಾ ಹೋದರೆ, ನುಂಗಲು, ಉಸಿರಾಡಲು ಕಷ್ಟವಾದರೆ, ಮೈಕೈ ನೋವಿನೊಂದಿಗೆ ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದರೆ, ಸ್ಕ್ಯಾನಿಂಗ್ ಕೇಂದ್ರವನ್ನು ಹುಡುಕದೆ ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗತಕ್ಕದ್ದು.

5. ಮಗು ಮೂರು ನಾಲ್ಕು ವರ್ಷವಾದರೂ ಪದೇ ಪದೇ ಬೀಳುತ್ತಿದ್ದರೆ, ಮೆಟ್ಟಿಲು ಹತ್ತಲು ತಿಣುಕಿದರೆ, ತೊಡೆಗೆ ಕೈಯೂರಿ ಏಳುತ್ತಿದ್ದರೆ, "ದೊಡ್ಡವನಾದಂತೆ ಸರಿಹೋಗುತ್ತದೆ" ಎಂದು ಸುಮ್ಮನಿರಬಾರದು. ಡುಷೆನ್ ಕಾಯಿಲೆಯಲ್ಲಿಯೂ ಸಕಾಲದ ಔಷಧದಿಂದ ಮಗು ನಡೆದಾಡುವ ವರ್ಷಗಳನ್ನು ಹೆಚ್ಚಿಸಬಹುದು. ತಾಯಿಯ ಕಡೆಯಿಂದ ಬರಬಹುದಾದ ಕಾಯಿಲೆಯಾದ್ದರಿಂದ ಮುಂದಿನ ಬಸಿರಿನ ಬಗ್ಗೆ ಮನೆಯವರಿಗೆ ಸಲಹೆಯೂ ದೊರೆಯುತ್ತದೆ.

6. ನಮ್ಮಲ್ಲಿ ಎಲ್ಲವನ್ನೂ "ಕೊಯ್ಲು ಮುಗಿಯಲಿ" ಎಂದು ಮುಂದೂಡುವ ರೂಢಿಯಿದೆ. ಮಾಗಿಯಲ್ಲಿ ಬಿದ್ದ ಪೆಟ್ಟನ್ನು ಯುಗಾದಿ ಕಳೆದ ಮೇಲೆ ತೋರಿಸುವವರಿದ್ದಾರೆ. ಹರಿದ ರಜ್ಜು ಕೊಯ್ಲಿಗಾಗಿ ಕಾಯುವುದಿಲ್ಲ. ಆ ನಾಲ್ಕು ತಿಂಗಳಲ್ಲಿ ಸ್ನಾಯು ಕೊಬ್ಬಾಗುತ್ತಾ ಹೋಗಬಹುದು. ಕೈ ಏಳದಿದ್ದರೆ ಕೊಯ್ಲಿನ ನಡುವೆಯೇ ಒಂದು ದಿನ ಬಿಡುವು ಮಾಡಿಕೊಂಡು ವೈದ್ಯರಿಗೆ ತೋರಿಸಿರಿ. ನಮ್ಮ ಆಳುಗಳ ವಿಷಯದಲ್ಲಿಯೂ ಇದೇ ಕಾಳಜಿ ಇರಲಿ.